ಕೆಳಗಿನ ಆರು ಹಲ್ಲು

ಡಾಕ್ಟರ ಬಲಗೈ ತೋರುಬೆರಳಿನ ಗೆಣ್ಣಿನ ಮೇಲೆ ಒಡೆದ ಬಳೆಯ ಚೂರಿನಂಥ ಒಂದು ಗಾಯದ ಗುರುತಿತ್ತು. ಹಳೆಯದು, ಬೆಳ್ಳಗಾದದ್ದು. ಬಾಯೊಳಗೆ ಬೆರಳು ಹಾಕುವ ಮುಂಚೆ ಅದನ್ನು ರೋಗಿಯ ಕಣ್ಣಿಗೆ ಬೀಳುವಂತೆ ಹಿಡಿಯುತ್ತಿದ್ದರು. ಹುಡುಗರು ಬಂದರೆ ಇದು ಪೊಲೀಸ್ ಫೌಜದಾರರು ಕಚ್ಚಿದ್ದು ಎನ್ನುತ್ತಿದ್ದರು. ಫೌಜದಾರರೇ ಬಂದರೆ ಹಾಲುಗೂಸು ಕಚ್ಚಿದ್ದು. ವಕೀಲರು ಬಂದರೆ ಕೇಸು ಸೋತ ಕಕ್ಷಿದಾರ ಕಚ್ಚಿದ್ದು. ಕುರ್ಚಿಯಲ್ಲಿ ಕೂತವರು ನಗುತ್ತಿದ್ದರು. ನಗಬೇಕಾದರೆ ಬಾಯಿ ತೆರೆಯಲೇಬೇಕಲ್ಲ, ಅಷ್ಟರಲ್ಲಿ ಅವರು ಒಳಗೆಲ್ಲ ನೋಡಿ ಮುಗಿಸಿರುತ್ತಿದ್ದರು. ಅದು ಖರೇ ಯಾರು ಕಚ್ಚಿದ್ದು ಎಂದು ನಮ್ಮ ಮನೆಯ ಪಡಸಾಲೆಯಲ್ಲಿ ಅವರೇ ಹೇಳಿದ ದಿನ ಮಾತ್ರ ಯಾರಿಗೂ ನಗು ಬರಲಿಲ್ಲ.

ರಾಣೇಬೆನ್ನೂರಿನ ಸ್ಟೇಷನ್ ರಸ್ತೆಯಲ್ಲಿ, ಬೀಜದ ಅಂಗಡಿಯೊಂದರ ಮೇಲಿನ ಮಾಳಿಗೆಯಲ್ಲಿ ಅವರ ದವಾಖಾನೆ. ಮೆಟ್ಟಿಲು ಹತ್ತುವಾಗ ಹತ್ತಿಬೀಜಕ್ಕೆ ಹಚ್ಚಿದ ಔಷಧದ ವಾಸನೆ, ಹತ್ತಿದ ಮೇಲೆ ಲವಂಗದೆಣ್ಣೆಯ ವಾಸನೆ. ಊರವರು ಅವರಿಗೆ ಮಾತಿನ ಡಾಕ್ಟರು ಎಂದು ಹೆಸರಿಟ್ಟಿದ್ದರು. ಅದು ಹೊಗಳಿಕೆಯೇನಲ್ಲ. ಹಲ್ಲು ಕೀಳಿಸಿಕೊಂಡು ಮಧ್ಯಾಹ್ನದ ಬಸ್ಸಿಗೆ ಮೇಡ್ಲೇರಿಗೆ ವಾಪಸು ಹೋಗಬೇಕೆಂದು ಬಂದ ರೈತನನ್ನು ಕೂರಿಸಿಕೊಂಡು ಎಮ್ಮೆ ಎಷ್ಟು ಹಿಂಡುತ್ತದೆ, ಕಾಲುವೆಗೆ ನೀರು ಬಿಟ್ಟರೋ ಇಲ್ಲವೋ ಎಂದು ಅವರು ಕೇಳುತ್ತಿದ್ದರು. ಹಲ್ಲು ಕೀಳು ಎಂದರೆ ಪುರಾಣ ಹಚ್ಚುತ್ತಾನೆ ಎಂದು ಗೊಣಗುತ್ತ ಬೇರೆ ಕಡೆ ಹೋದವರು ಬಹಳ ಮಂದಿ. ಅಂಥವರನ್ನು ಕಂಡು ಡಾಕ್ಟರು ಬೇಸರಪಟ್ಟಿದ್ದನ್ನು ನಾನು ನೋಡಿಲ್ಲ, ಕಿಟಕಿಯಲ್ಲಿ ನಿಂತು ಅವರು ರಸ್ತೆ ದಾಟುವವರೆಗೆ ನೋಡುತ್ತಿದ್ದರು ಅಷ್ಟೆ.

ಅವರ ಕಪಾಟಿನಲ್ಲಿ ಹಲ್ಲಿನ ಪುಸ್ತಕಗಳು ಎಷ್ಟಿದ್ದವೋ ಮನಸ್ಸಿನ ಬಗೆಗಿನ ಪುಸ್ತಕಗಳೂ ಅಷ್ಟೇ ಇದ್ದವು. ಒಸಡಿನ ರೋಗ ಅರ್ಧ ಬಾಯಲ್ಲಿ ಇರುತ್ತದೆ, ಅರ್ಧ ಮನಸ್ಸಿನಲ್ಲಿ ಇರುತ್ತದೆ ಎಂಬುದು ಅವರ ಸಿದ್ಧಾಂತ. ನಮ್ಮ ಕಡೆ ಒಸಡಿನಿಂದ ರಕ್ತ ಬಂದರೆ ಜನ ಮೊದಲು ಮಾಡುವ ಕೆಲಸ ಹಲ್ಲು ತಿಕ್ಕುವುದನ್ನು ನಿಲ್ಲಿಸುವುದು. ಗಾಯದ ಮೇಲೆ ಯಾರಾದರೂ ಕಸಬರಿಗೆ ಆಡಿಸುತ್ತಾರೆಯೇ ಎಂಬ ನ್ಯಾಯ. ನಿಲ್ಲಿಸಿದಷ್ಟೂ ಹೊಲಸು ಕೂಡುತ್ತದೆ, ಕೂಡಿದಷ್ಟೂ ರಕ್ತ ಹೆಚ್ಚುತ್ತದೆ, ಹೆಚ್ಚಿದಷ್ಟೂ ಹೆದರಿಕೆ. ಇದನ್ನು ತಿಳಿಸಿ ಹೇಳಿದರೆ ಎಲ್ಲರೂ ತಲೆಯಾಡಿಸುತ್ತಾರೆ, ಮನೆಗೆ ಹೋಗಿ ಯಥಾಪ್ರಕಾರ ಬಿಟ್ಟುಬಿಡುತ್ತಾರೆ. ಆದ್ದರಿಂದ ಡಾಕ್ಟರು ತಿಳಿಸಿ ಹೇಳುವುದನ್ನೇ ಬಿಟ್ಟಿದ್ದರು. ಹಲ್ಲು ತಿಕ್ಕುತ್ತೀರಾ ಎಂದು ಯಾರನ್ನೂ ಕೇಳುತ್ತಿರಲಿಲ್ಲ. ಕೇಳಿದರೆ ಸುಳ್ಳು ಹೇಳುವ ಪಾಪಕ್ಕೆ ನಾನೇ ಅವರನ್ನು ಹಚ್ಚಿದ ಹಾಗಾಗುತ್ತದೆ ಎನ್ನುತ್ತಿದ್ದರು.

ಅವರು ಕೇಳುತ್ತಿದ್ದದ್ದು ಒಂದೇ. ಜ್ವರ ಬಂದರೂ, ಮನೆಗೆ ನೆಂಟರು ಬಂದರೂ, ಬೆಳಗ್ಗೆ ಎದ್ದು ನೀವು ಬಿಡದೆ ಮಾಡುವ ಕೆಲಸ ಯಾವುದು? ಒಬ್ಬ ಎಮ್ಮೆ ಹಿಂಡುವುದು ಎನ್ನುತ್ತಿದ್ದ, ಒಬ್ಬ ಲಿಂಗಪೂಜೆ, ಒಬ್ಬ ಬೀಡಿ ಎಂದು ನಾಚಿಕೊಳ್ಳುತ್ತಿದ್ದ. ಆ ಕೆಲಸದ ಬಾಲಕ್ಕೆ ಅವರು ಹಲ್ಲುಜ್ಜುವ ಬ್ರಶ್ಶನ್ನು ಕಟ್ಟುತ್ತಿದ್ದರು. ಎಮ್ಮೆಯವನ ಬ್ರಶ್ಶು ಕೊಟ್ಟಿಗೆಯ ಗೂಟದ ಹತ್ತಿರ, ಬೀಡಿಯವನದು ಕಡ್ಡಿಪೆಟ್ಟಿಗೆಯ ಹತ್ತಿರ. ಅದೂ ಪೂರ್ತಿ ಬಾಯಿಗಲ್ಲ. ಕೆಳಗಿನ ಆರು ಮುಂದಿನ ಹಲ್ಲು ಸಾಕು, ಉಳಿದವನ್ನು ಮುಟ್ಟಬೇಡಿ ಎಂದು ಕಟ್ಟಪ್ಪಣೆ ಮಾಡುತ್ತಿದ್ದರು. ಆಮೇಲೆ ಕೈಯಲ್ಲಿ ಒಂದು ಗುಂಡುಗನ್ನಡಿ ಕೊಟ್ಟು, ನೋಡ್ರಿ, ಎಲ್ಲಿ ಕೆಂಪಗೈತಿ ನೀವೇ ಹೇಳ್ರಿ ಎಂದು ಸುಮ್ಮನೆ ಕೂತುಬಿಡುತ್ತಿದ್ದರು. ಕನ್ನಡಿಯ ಮೇಲೆ ಅವರಿಗೆ ಬಹಳ ನಂಬಿಕೆ. ಡಾಕ್ಟರು ಹೇಳಿದ್ದನ್ನು ಮನುಷ್ಯ ಮರೆಯುತ್ತಾನೆ, ತಾನೇ ಕಂಡದ್ದನ್ನು ಮರೆಯುವುದಿಲ್ಲ ಎಂದು.

ಆ ಕನ್ನಡಿಯೇ ನಮ್ಮವ್ವನ ವಿಷಯದಲ್ಲಿ ಅವರಿಗೆ ಕೈ ಕೊಟ್ಟಿತು.

ಆಗ ನಮ್ಮದಿನ್ನೂ ಧಾರವಾಡ ಜಿಲ್ಲೆ. ನಾನು ಬ್ಯಾಡಗಿಯಲ್ಲಿ ಪ್ರಾಥಮಿಕ ಶಾಲೆಯ ಶಿಕ್ಷಕಿಯಾಗಿ ಸೇರಿ ಸ್ವಲ್ಪ ಕಾಲವಾಗಿತ್ತು. ಮನೆಯಲ್ಲಿ ನಾನು ಮತ್ತು ಅವ್ವ ಇಬ್ಬರೇ. ಅಪ್ಪ ಒಂದು ದಿನ ಪೇಟೆಗೆ ಹೋದವರು ಎದೆನೋವಿನಿಂದ ಅಲ್ಲೇ ಕುಸಿದು ತೀರಿಕೊಂಡಿದ್ದರು. ಅಪ್ಪನ ದಾಡಿಯ ಕನ್ನಡಿ ಪಡಸಾಲೆಯ ಗೋಡೆಯ ಮೇಲಿತ್ತು. ಅವರ ದಾಡಿ ಮುಗಿದ ಮೇಲೆ ಅವ್ವ ಅದರಲ್ಲೇ ನೋಡಿಕೊಂಡು ಕುಂಕುಮ ಇಡುತ್ತಿದ್ದಳು. ಅಪ್ಪ ಹೋದ ಮೇಲೆ ಓಣಿಯ ಹಿರಿಯಳೊಬ್ಬಳು ಮಾತಿಗೆ ಮಾತು ಬಂದು, ಇನ್ನ ಯಾರ ಸಲುವಾಗಿ ನೋಡ್ಕೋಬೇಕವಾ ಎಂದಳಂತೆ. ಅವ್ವ ಎದ್ದು ಹೋಗಿ ಕನ್ನಡಿಯನ್ನು ಗೋಡೆಗೆ ಮುಖ ಮಾಡಿ ತಿರುಗಿಸಿದಳು. ಅಂದಿನಿಂದ ಬೈತಲೆಯನ್ನೂ ಬೆರಳಿನಲ್ಲೇ ತಡವಿ ತೆಗೆಯುತ್ತಿದ್ದಳು. ಅವಳ ಮುಖ ಅವಳಿಗೆ ಬೇಡವಾಗಿತ್ತು. ನಾನು ಹತ್ತು ಸಲ ಜಗಳವಾಡಿ ಕನ್ನಡಿ ತಿರುಗಿಸಿದೆ, ಶಾಲೆಯಿಂದ ಬರುವಷ್ಟರಲ್ಲಿ ಅದು ಮತ್ತೆ ಬೆನ್ನು ತೋರಿಸಿಕೊಂಡಿರುತ್ತಿತ್ತು.

ಬಾಯಿಯ ಕಾಟ ಯಾವಾಗ ಶುರುವಾಯಿತೋ ತಿಳಿಯಲಿಲ್ಲ. ಅವ್ವ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಮಾತಾಡುವುದನ್ನು ಓಣಿಯವರು ಗಂಡ ಸತ್ತವಳ ಮರ್ಯಾದೆ ಎಂದುಕೊಂಡರು. ನಾನೂ ಹಾಗೇ ಅಂದುಕೊಂಡೆ. ಊಟಕ್ಕೆ ನನ್ನ ಜೊತೆ ಕೂರುವುದನ್ನು ಬಿಟ್ಟಳು. ಒಂದು ದಿನ ಅಡುಗೆಮನೆಗೆ ಹೋದರೆ ಬೆನ್ನು ತಿರುಗಿಸಿ ಕೂತು, ರೊಟ್ಟಿಯನ್ನು ಸಾರಿನಲ್ಲಿ ಅದ್ದಿ ಮೆತ್ತಗೆ ಮಾಡಿಕೊಂಡು ನುಂಗುತ್ತಿದ್ದಾಳೆ. ಊರಿಗೆಲ್ಲ ಎಳ್ಳು ಹಚ್ಚಿದ ಗರಿಗರಿ ಕಟಕ ರೊಟ್ಟಿ ಬಡಿದುಕೊಡುತ್ತಿದ್ದ ಹೆಂಗಸು. ಹಠ ಮಾಡಿ ಬಾಯಿ ತೆರೆಸಿದೆ. ಒಸಡು ಕೆಂಪೇರಿ ಊದಿ, ಹಲ್ಲುಗಳ ಬುಡದಲ್ಲಿ ಕೀವು ನಿಂತಿತ್ತು, ಹಿಂದಿನ ಎರಡು ಹಲ್ಲು ಅಲುಗುತ್ತಿದ್ದವು. ತಲೆದಿಂಬಿನ ಮೇಲೆ ರಕ್ತದ ಕಲೆ ಇದ್ದದ್ದಕ್ಕೂ ಆಗ ಅರ್ಥ ಗೊತ್ತಾಯಿತು.

ಎಲ್ಲವನ್ನೂ ಕಿತ್ತು ಒಗೆದರೆ ಕಾಟ ತಪ್ಪುತ್ತದೆ ಎಂದಳು ಅವ್ವ. ಹಲ್ಲು ಕೀಳಿಸಬೇಕು ಎಂಬ ಕರಾರಿನ ಮೇಲೆಯೇ ಅವಳು ಪ್ಯಾಸೆಂಜರ್ ಗಾಡಿ ಹತ್ತಿ ರಾಣೇಬೆನ್ನೂರಿಗೆ ಬಂದದ್ದು. ನನಗೆ ಹೆದರಿಕೆಯಾದದ್ದು ಹಲ್ಲಿಗಲ್ಲ. ಹಳೆಯ ಸೀರೆ ಬಿಸಾಡುವಷ್ಟು ಸಲೀಸಾಗಿ ಅವಳು ಆ ಮಾತು ಹೇಳಿದಳು. ಇವತ್ತು ಹಲ್ಲು, ನಾಳೆ ಊಟ, ನಾಡಿದ್ದು ಮತ್ತೇನೋ. ಅವ್ವ ಒಂದೊಂದಾಗಿ ತನ್ನನ್ನೇ ಕಿತ್ತು ಹಾಕುತ್ತಿದ್ದಾಳೆ ಎಂದು ನನಗೆ ಖಾತ್ರಿಯಾಯಿತು.

ಡಾಕ್ಟರು ಬಾಯಿ ನೋಡಿದರು. ಎರಡು ಹಲ್ಲು ಹೋಗುತ್ತವೆ, ಉಳಿದವು ಉಳಿಯುತ್ತವೆ, ಆದರೆ ಉಳಿಸುವವನು ನಾನಲ್ಲ, ನೀವು ಎಂದರು. ಎಂದಿನಂತೆ ಗುಂಡುಗನ್ನಡಿಯನ್ನು ಅವ್ವನ ಕೈಗೆ ಕೊಟ್ಟರು. ಅವ್ವ ಅದನ್ನು ತೊಡೆಯ ಮೇಲೆ ಬೋರಲು ಹಾಕಿಕೊಂಡಳು. ನೋಡ್ರಿ ಎಂದರು ಡಾಕ್ಟರು. ಅವ್ವ ನೆಲ ನೋಡಿದಳು. ರೋಗ ಕಂಡರೆ ಅಂಜುವವರನ್ನು ಅವರು ಬಹಳ ನೋಡಿದ್ದರು, ಇದೂ ಅದೇ ಎಂದುಕೊಂಡಿರಬೇಕು. ಕನ್ನಡಿ ತೆಗೆದುಕೊಂಡು ತಾವೇ ಅವ್ವನ ಮುಖದ ಮುಂದೆ ಹಿಡಿದರು.

"ನಿಮ್ಮ ಮುಖ ನೋಡಾಕ ನಿಮಗ ಯಾಕ್ರಿ ಅಂಜಿಕಿ?" ಎಂದರು.

ಅವ್ವ ಕಣ್ಣು ಮುಚ್ಚಿಕೊಂಡಳು. ಮುಚ್ಚಿದ ರೆಪ್ಪೆಯಿಂದ ನೀರು ಇಳಿಯಿತು. ಕುರ್ಚಿಯಿಂದ ಇಳಿದು, ಸೆರಗು ಎಳೆದುಕೊಂಡು, ನನ್ನ ಕಡೆಗೂ ನೋಡದೆ ಮೆಟ್ಟಿಲು ಇಳಿದು ಹೋದಳು. ಡಾಕ್ಟರು ಕನ್ನಡಿ ಹಿಡಿದುಕೊಂಡು ಹಾಗೇ ನಿಂತಿದ್ದರು. ನನ್ನದು ಮೊದಲಿನಿಂದಲೂ ಮೂಗಿನ ತುದಿಯ ಸಿಟ್ಟು. ಮನಸ್ಸಿನ ಪುಸ್ತಕ ಇಷ್ಟು ಓದಿದವರಿಗೆ ಗಂಡ ಸತ್ತವಳ ಹಣೆ ಕಾಣಲಿಲ್ಲವೇ ಎಂದುಬಿಟ್ಟೆ. ಗೋಡೆಯ ಕಡೆ ಮುಖ ಮಾಡಿದ ನಮ್ಮ ಮನೆಯ ಕನ್ನಡಿಯ ಕಥೆಯನ್ನೂ ಅದೇ ಸಿಟ್ಟಿನಲ್ಲಿ ಹೇಳಿದೆ. ಅವರು ಕನ್ನಡಿ ಕೆಳಗಿಟ್ಟು ಸ್ಟೂಲಿನ ಮೇಲೆ ಕೂತರು.

"ಎಲ್ಲಾರ ಕೈಯಾಗ ಕನ್ನಡಿ ಕೊಡಕೋತ ಬಂದೇನಿ, ತಂಗಿ. ನೋಡದವರು ಯಾಕ ನೋಡಂಗಿಲ್ಲ ಅಂತ ಒಂದ ದಿನಾ ವಿಚಾರ ಮಾಡಲಿಲ್ಲ."

ಮುಂದಿನ ಭಾನುವಾರ ಅವರು ಬ್ಯಾಡಗಿಗೆ ಬಂದರು. ಮೆಣಸಿನಕಾಯಿಯ ಹಂಗಾಮು, ಊರ ಗಾಳಿಯೆಲ್ಲ ಘಾಟು. ಆ ದಿನಗಳಲ್ಲಿ ಸೀನದೆ ನಮ್ಮೂರೊಳಗೆ ಬಂದ ಪರವೂರಿನವರನ್ನು ನಾನು ಕಂಡಿಲ್ಲ. ಡಾಕ್ಟರು ನಮ್ಮ ಬಾಗಿಲಲ್ಲಿ ನಿಂತು ಒಂದೇ ಸಮನೆ ಸೀನುತ್ತ, ಕಣ್ಣು ಮೂಗು ಒರೆಸಿಕೊಳ್ಳುತ್ತ, ಬಂದದ್ದು ಯಾಕೆಂದು ಹೇಳಲೂ ಆಗದೆ ಪೇಚಾಡಿದರು. ಅವರ ಮುಖಕ್ಕೆ ಬಾಗಿಲು ಹಾಕಬೇಕೆಂದು ಎದ್ದ ಅವ್ವ ಆ ಅವಸ್ಥೆ ನೋಡಿ ನೀರು ತಂದುಕೊಟ್ಟಳು. ಮನೆಗೆ ಬಂದವರಿಗೆ ನೀರು ಕೊಟ್ಟ ಮೇಲೆ ಊಟಕ್ಕೆ ಏಳಿ ಎನ್ನದೆ ಇರಲು ನಮ್ಮ ಕಡೆಯ ಹೆಂಗಸಿಗೆ ಸಾಧ್ಯವಿಲ್ಲ. ಡಾಕ್ಟರು ಬೇಡ ಎನ್ನಲೂ ಇಲ್ಲ.

ಬಿಸಿ ರೊಟ್ಟಿ, ಬದನೆಕಾಯಿ ಎಣ್ಣೆಗಾಯಿ, ಶೇಂಗಾ ಚಟ್ನಿ. ಅವರು ಹೊಗಳಿ ಹೊಗಳಿ ಉಂಡರು. ಅವ್ವ ಯಾಕೆ ಉಣ್ಣಲಿಲ್ಲ ಎಂದು ಕೇಳಲಿಲ್ಲ. ಕೈ ತೊಳೆಯುವಾಗ ನೀರಿನ ಚರಿಗೆಯನ್ನು ಬೆಳಕಿಗೆ ಹಿಡಿದು ನೋಡಿದರು. ಅಪ್ಪ ಹೋದ ಮೇಲೆ ಅವ್ವ ಏನೆಲ್ಲ ಬಿಟ್ಟಿದ್ದಳು, ಆದರೆ ಬೆಳಗ್ಗೆ ಎದ್ದು ದೇವರ ಮನೆಯ ಹಿತ್ತಾಳೆ ಸಾಮಾನನ್ನೂ ಆ ಚರಿಗೆಯನ್ನೂ ಹುಣಸೆಹಣ್ಣು ಹಚ್ಚಿ ತಿಕ್ಕುವುದನ್ನು ಬಿಟ್ಟಿರಲಿಲ್ಲ. ದಿನವೂ ತಿಕ್ಕುತ್ತೀರಾ ಎಂದು ಡಾಕ್ಟರು ಕೇಳಿದರು. ಒಂದು ದಿನ ಬಿಟ್ಟರೂ ಕಪ್ಪಾಗುತ್ತದೆ ಎಂದಳು ಅವ್ವ. ಹೌದೌದು ಎಂದು ಅವರು ಚರಿಗೆಯನ್ನು ಕೆಳಗಿಟ್ಟರು. ನನಗೆ ಅವರ ಹಂಚಿಕೆ ಅರ್ಥವಾಗಿ ಒಳಗೊಳಗೇ ನಗು ಬಂತು.

ಆಮೇಲೆ ಅವ್ವನ ಎದುರು ಚಾಪೆಯ ಮೇಲೆ ಕೂತು, ಕನ್ನಡಿ ಹಿಡಿದದ್ದು ತಮ್ಮ ತಪ್ಪು ಎಂದರು. ಅವ್ವ ಸೆರಗಿನೊಳಗಿಂದಲೇ ಅಂದಳು:

"ತಪ್ಪ ನಿಮ್ಮದಲ್ಲರಿ. ನನಗ ಇನ್ನ ಹಲ್ಲರೆ ಯಾಕ ಬೇಕು? ಕಿತ್ತ ಒಗೀರಿ ಅಂದರ ನೀವ ಒಲ್ಲೆ ಅಂತೀರಿ."

ಮಗಳಿಗಾಗಿ ಉಳಿಸಿಕೊಳ್ಳಿ, ದೇವರಿಗಾಗಿ ಉಳಿಸಿಕೊಳ್ಳಿ ಎಂದು ಅವರು ಏನಾದರೂ ಹೇಳುತ್ತಾರೆ ಎಂದು ನಾನು ಕಾದೆ. ಅವರು ಬಲಗೈ ಮುಂದೆ ಚಾಚಿ ಆ ಬೆರಳು ತೋರಿಸಿದರು.

"ಇದು ನಮ್ಮವ್ವ ಕಚ್ಚಿದ್ದರಿ," ಎಂದರು.

ಡಾಕ್ಟರು ಕಲಿತು ಊರಿಗೆ ಬಂದ ಹೊಸದರಲ್ಲಿ ಅವರ ತಾಯಿಗೂ ಇದೇ ರೋಗವಿತ್ತಂತೆ. ಮಗ ದಿನವೂ ತಿಳಿಸಿ ಹೇಳಿದರು, ಆಮೇಲೆ ಬೈದರು, ಹಲ್ಲಿನ ಡಾಕ್ಟರನ ತಾಯಿಯ ಬಾಯಿ ಹೀಗೆ ನಾರುವುದೇ ಎಂದು ನೆಂಟರ ಎದುರಿಗೂ ಅಂದರು. ಬೈದಷ್ಟೂ ಆ ತಾಯಿ ಬಾಯಿ ಬಿಗಿಹಿಡಿದರು. ಕೊನೆಗೆ ಮಗ ಸಿಟ್ಟಿನಲ್ಲಿ ಎಲ್ಲ ಹಲ್ಲನ್ನೂ ಕಿತ್ತರು. ಕಟ್ಟಕಡೆಯ ಹಲ್ಲಿಗೆ ಕೈ ಹಾಕಿದಾಗ ಆಕೆ ಅದೊಂದರಿಂದಲೇ ಕಚ್ಚಿದರು. ಮಗ ತಮ್ಮ ಕೈಯಾರೆ ಹಲ್ಲಿನ ಸೆಟ್ಟು ಮಾಡಿಕೊಟ್ಟರು. ಆಕೆ ಅದನ್ನು ಗೂಡಿನಲ್ಲಿ ನೀರಿನ ಬಟ್ಟಲಲ್ಲಿ ಇಟ್ಟರು, ಒಮ್ಮೆಯೂ ಹಾಕಿಕೊಳ್ಳಲಿಲ್ಲ. ಗಂಜಿ ಕುಡಿದರು, ಮಾತು ಬಿಟ್ಟರು, ವರ್ಷ ತುಂಬುವುದರೊಳಗೆ ಹೋದರು.

"ಹಲ್ಲ ಹೋದ್ವು ಅಂತ ಸಾಯಲಿಲ್ಲರಿ ಆಕಿ. ಹೊಟ್ಟಿ ಮಗ ತನ್ನ ಬಾಯಿ ಕಂಡು ಹೇಸಿದ, ಅದಕ್ಕ ಸತ್ತಳು."

ಅವ್ವನ ಸೆರಗು ಬಾಯಿಂದ ಯಾವಾಗ ಸರಿದಿತ್ತೋ ಅವಳಿಗೇ ಗೊತ್ತಿರಲಿಲ್ಲ. ಪರಗಂಡಸಿನ ಕೈ ಎಂದೂ ನೋಡದೆ ಆ ಬೆರಳನ್ನು ಹಿಡಿದು ತಿರುಗಿಸಿ ನೋಡಿದಳು. ಅಷ್ಟು ವರ್ಷ ಸತ್ತ ತಾಯಿಯನ್ನು ಬೆರಳಿನ ಮೇಲೆ ಇಟ್ಟುಕೊಂಡು ಊರವರನ್ನು ನಗಿಸುತ್ತ ಬಂದ ಮನುಷ್ಯನ ಮೇಲೆ ನನಗಿದ್ದ ಸಿಟ್ಟೆಲ್ಲ ಇಳಿದುಹೋಯಿತು.

ಏನು ಮಾಡಬೇಕು ಎಂದು ಅವ್ವನೇ ಕೇಳಿದಳು. ಕನ್ನಡಿ ಬೇಡ, ಕಣ್ಣು ಮುಚ್ಚಿ ನಾಲಗೆಯನ್ನು ಕೆಳಗಿನ ಹಲ್ಲಿನ ಹಿಂದೆ ಆಡಿಸಿ ಹೇಗಿದೆ ಹೇಳಿ ಎಂದರು ಡಾಕ್ಟರು. ಹಂಚಿನ ಬೆನ್ನಿನ ಹಾಗೆ ಜರಜರ ಇದೆ ಎಂದಳು. ನಾಳೆಯಿಂದ ಚರಿಗೆ ತಿಕ್ಕಿದ ಮೇಲೆ ಆ ಆರು ಹಲ್ಲನ್ನಷ್ಟೇ ಮೆತ್ತನೆಯ ಬ್ರಶ್ಶಿನಲ್ಲಿ ತಿಕ್ಕಿ, ಚರಿಗೆಯಷ್ಟು ನುಣುಪಾಯಿತೋ ಇಲ್ಲವೋ ನಾಲಗೆಯನ್ನೇ ಕೇಳಿ ಎಂದರು. ರಕ್ತ ಬರುತ್ತದೆ, ಬರಲಿ, ಅದು ನಿಮ್ಮ ಮೇಲೆ ಸಿಟ್ಟಾಗಿ ಬರುವುದಲ್ಲ ಎಂದೂ ಸೇರಿಸಿದರು. ಹೊರಡುವಾಗ ಗೋಡೆಯ ಕನ್ನಡಿಯ ಬೆನ್ನು ಅವರ ಕಣ್ಣಿಗೆ ಬಿತ್ತು. ತಿರುಗಿಸಲು ಹೇಳಿ ಎಂದು ನಾನು ಮೆಲ್ಲಗೆ ಅಂದೆ. ಅದು ತಮ್ಮ ಕೆಲಸವಲ್ಲ, ನನ್ನದೂ ಅಲ್ಲ ಎಂದು ಚಪ್ಪಲಿ ಮೆಟ್ಟಿಕೊಂಡರು.

ಅಲುಗುತ್ತಿದ್ದ ಎರಡು ಹಲ್ಲನ್ನು ತೆಗೆಯುವಾಗ ಅವರು ಅವ್ವನ ಅಪ್ಪಣೆ ಕೇಳಿದರು. ಉಳಿಸಲು ಆಗಲಿಲ್ಲ ಎಂದು ಸಾವಿನ ಮನೆಯಲ್ಲಿ ಹೇಳುವ ಹಾಗೆ ಹೇಳಿದರು. ಹಲ್ಲಿಗೆ ಕಟ್ಟಿದ ಕಲ್ಲನ್ನು ಕೆಲವು ಸಲ ಕರೆಸಿ ಸ್ವಲ್ಪ ಸ್ವಲ್ಪವೇ ತೆಗೆದರು. ಅಷ್ಟರಲ್ಲಿ ಅವ್ವನ ಕೆಳಗಿನ ಆರು ಹಲ್ಲಿನ ಸುತ್ತ ರಕ್ತ ಬರುವುದು ನಿಂತಿತ್ತು. ಕೆಳಗಿನವು ಸುಮ್ಮನಾದವು, ಮೇಲಿನವೇ ಹಟ ಹಿಡಿದಿವೆ ಎಂದು ಅವ್ವ ದೂರು ಕೊಟ್ಟಳು. ಹಾಗಾದರೆ ಏನು ಮಾಡೋಣ ಎಂದು ಡಾಕ್ಟರು ಏನೂ ಅರಿಯದವರಂತೆ ಕೇಳಿದರು. ಮೇಲಿನವನ್ನೂ ತಿಕ್ಕಬೇಕಾಗುತ್ತದೋ ಏನೋ ಎಂದಳು ಅವ್ವ. ಹೇಳಿದ್ದು ನೀವು, ನಾನಲ್ಲ ಎಂದು ಅವರು ನನ್ನ ಕಡೆ ನೋಡಿ ನಕ್ಕರು.

ಎಲ್ಲ ಸರಾಗವಾಯಿತು ಎಂದರೆ ಸುಳ್ಳಾಗುತ್ತದೆ. ಅಪ್ಪನ ಪುಣ್ಯತಿಥಿ ಹತ್ತಿರ ಬಂದಾಗಲೆಲ್ಲ ಅವ್ವನ ಕೈ ನಿಲ್ಲುತ್ತಿತ್ತು. ಚರಿಗೆಯೂ ಕಪ್ಪಾಗುತ್ತಿತ್ತು. ನಾನು ಕೂಗಾಡುತ್ತಿದ್ದೆ, ಅವಳು ಸೆರಗು ಮತ್ತೆ ಬಾಯಿಗೆ ತರುತ್ತಿದ್ದಳು. ಒಮ್ಮೆ ಅವಳನ್ನು ಎಳೆದುಕೊಂಡು ಹೋಗಿ ಡಾಕ್ಟರ ಮುಂದೆ ನಿಲ್ಲಿಸಿ ಚಾಡಿ ಹೇಳಿದೆ. ಅವರು ನನ್ನನ್ನು ಹೊರಗಿನ ಬೆಂಚಿಗೆ ಕಳಿಸಿದರು. ಎಡವಿದವರನ್ನು ಯಾಕೆ ಎಡವಿದೆ ಎಂದು ಕೇಳಬಾರದು, ಮುಂದಿನ ಹೆಜ್ಜೆ ಎಲ್ಲಿಡುತ್ತೀ ಎಂದು ಕೇಳಬೇಕು, ಶಾಲೆಯಲ್ಲಿ ನೀವು ಮಕ್ಕಳಿಗೂ ಹಾಗೇ ಮಾಡಿ ನೋಡಿ ಎಂದು ಆಮೇಲೆ ಹೇಳಿದರು. ಒಳಗೆ ಅವ್ವನಿಗೆ ಏನು ಹೇಳಿದರೋ ನಾನು ಕೇಳಲಿಲ್ಲ. ಮತ್ತೆ ಕೆಳಗಿನ ಆರು ಹಲ್ಲಿನಿಂದಲೇ ಶುರುವಾಯಿತು.

ಒಂದು ಸಂಜೆ ಅವ್ವ ನನ್ನ ಎದುರಿಗೆ ತಾಟು ಹಾಕಿಕೊಂಡು ಕೂತು, ಕಟಕ ರೊಟ್ಟಿ ಮುರಿದು ಬಾಯಿಗಿಟ್ಟಳು. ಅದು ಕಟುಂ ಎಂದ ಸದ್ದು ಇವತ್ತಿಗೂ ನನ್ನ ಕಿವಿಯಲ್ಲಿದೆ. ನಾನು ಅತ್ತುಬಿಟ್ಟೆ. ಖಾರ ಹೆಚ್ಚಾಯಿತೇ ಎಂದು ಅವಳು ಕೇಳಿದಳು.

ನಮ್ಮ ಮನೆಗೆ ಒಳ್ಳೆಯದಾಗುತ್ತ ಬಂದ ಆ ವರ್ಷಗಳಲ್ಲೇ ಡಾಕ್ಟರು ಸೋಲುತ್ತ ಬಂದರು. ಪಾನ್ ಅಂಗಡಿಗಳ ಮುಂದೆ ಗುಟ್ಕಾ ಚೀಟಿಗಳ ಸರ ಇಳಿಬಿದ್ದ ಕಾಲ ಅದು. ಮೀಸೆ ಬಲಿಯದ ಹುಡುಗರು ಬಾಯಿ ಬಿಗಿದುಕೊಂಡು ಬರತೊಡಗಿದರು, ಎರಡು ಬೆರಳು ಒಳಗೆ ಹೋಗದಷ್ಟು. ಬೆಳಗ್ಗೆ ಎದ್ದು ಬಿಡದೆ ಮಾಡುವ ಕೆಲಸ ಯಾವುದು ಎಂದು ಕೇಳಿದರೆ ಅವರಿಗೆ ಇದ್ದದ್ದು ಆ ಚೀಟಿಯೊಂದೇ, ಅದರ ಬಾಲಕ್ಕೆ ಕಟ್ಟುವುದಾದರೂ ಏನನ್ನು? ಮೇಡ್ಲೇರಿಯ ಒಬ್ಬ ಹುಡುಗನ ಹಿಂದೆ ಅವರು ಬಹಳ ಓಡಾಡಿದರು. ಅವನ ಹೊಲಕ್ಕೂ ಹೋಗಿ ಕೂತರು. ಬಾಯಿಯ ಕ್ಯಾನ್ಸರಿನಿಂದ ಅವನು ಉಳಿಯಲಿಲ್ಲ. ಆ ಸುದ್ದಿ ಹೇಳುವಾಗ ಡಾಕ್ಟರು ಎದುರಿನ ಗೋಡೆಯನ್ನು ನೋಡುತ್ತಿದ್ದರು, ಬೆರಳಿನ ಗುರುತನ್ನು ಹೆಬ್ಬೆರಳಿನಿಂದ ಸವರಿಕೊಳ್ಳುತ್ತಿದ್ದರು. ಮಾತಿನ ಡಾಕ್ಟರು ಮಾತು ಕಡಿಮೆ ಮಾಡಿದರು. ಫೌಜದಾರರ ಕಥೆಯೂ ನಿಂತಿತು.

ಹಾವೇರಿ ಜಿಲ್ಲೆಯಾದ ಹೊಸದರಲ್ಲಿ ಅವರಿಗೆ ಲಕ್ವ ಹೊಡೆಯಿತು. ಬಲಗೈ ಬಿತ್ತು, ಬಾಯಿ ಸೊಟ್ಟಗಾಯಿತು, ಮಾತು ಹೋಯಿತು. ಸುದ್ದಿ ತಿಳಿದು ನಾನೂ ಅವ್ವನೂ ಹೋದೆವು. ಅವರ ಹೆಂಡತಿ ಬಾಗಿಲಲ್ಲೇ ಕಣ್ಣೀರು ಹಾಕಿದರು. ಉಂಡ ಅನ್ನ ಬಿದ್ದ ಕಡೆಯ ಕೆನ್ನೆಯಲ್ಲಿ ಹಾಗೇ ಉಳಿಯುತ್ತದೆ, ಬಾಯಿ ತೊಳೆಯಲು ಹೋದರೆ ಬಿಗಿಹಿಡಿಯುತ್ತಾರೆ, ನರ್ಸಿಗೂ ಕಚ್ಚಲು ಹೋದರು, ಬಾಯೆಲ್ಲ ಹುಣ್ಣಾಗಿದೆ ಎಂದರು. ಯಾರಿಗೂ ಬೈಯದ ಮನುಷ್ಯ ತಮ್ಮ ಮೇಲೆಯೇ ಮುನಿಸಿಕೊಂಡ ಹಾಗಿತ್ತು. ತಾಯಿಯ ಹಾಗೆಯೇ ಮಾಡುತ್ತಿದ್ದಾರೆ ಎಂದು ನನಗೆ ಹೊಳೆಯಿತು.

ಅವ್ವ ಮಂಚದ ಬದಿಗೆ ಹೋಗಲಿಲ್ಲ. ಮೊದಲು ಅವರ ಹೆಂಡತಿಯನ್ನು ಪಕ್ಕಕ್ಕೆ ಕರೆದು ಕೇಳಿದಳು.

"ವೈನಿ, ಈಗೂ ಬೆಳಿಗ್ಗೆ ಎದ್ದ ಮ್ಯಾಲೆ ಅವರು ಏನ ಬಿಡಂಗಿಲ್ಲ?"

ರೇಡಿಯೋ ಎಂದರು ಆಕೆ. ಧಾರವಾಡ ಸ್ಟೇಷನ್ನಿನ ವಾರ್ತೆ ಹಚ್ಚದಿದ್ದರೆ ಎಡಗೈಯಿಂದ ಮಂಚ ಬಡಿಯುತ್ತಾರೆ. ಅವ್ವ ತಲೆಯಾಡಿಸಿದಳು. ಆ ರಾತ್ರಿ ಅಲ್ಲೇ ಉಳಿಯೋಣ ಎಂದಳು. ಬೆಳಗ್ಗೆ ವಾರ್ತೆ ಮುಗಿದು ರೇಡಿಯೋ ಆರಿಸಿದ ಕೂಡಲೇ ಒಂದು ಮೆತ್ತನೆಯ ಅರಿವೆಯನ್ನು ಬೆರಳಿಗೆ ಸುತ್ತಿಕೊಂಡು, ಉಪ್ಪುನೀರಿನಲ್ಲಿ ಅದ್ದಿ, ಅವರ ಪಕ್ಕ ಕೂತಳು. ಡಾಕ್ಟರು ತುಟಿ ಬಿಗಿಹಿಡಿದು ಗೋಡೆಯ ಕಡೆ ಹೊರಳಿದರು. ಅವ್ವ ಅವರ ಬಿದ್ದ ಬಲಗೈಯನ್ನು ತೊಡೆಯ ಮೇಲೆ ಇಟ್ಟುಕೊಂಡು ಆ ಗುರುತಿನ ಬೆರಳನ್ನು ಸವರಿದಳು.

"ಪೂರ್ತಿ ಬ್ಯಾಡ್ರಿ ಅಣ್ಣಾರ. ಕೆಳಗಿನ ಆರು ಹಲ್ಲ ಸಾಕು," ಎಂದಳು. "ಕಚ್ಚಬೇಕನಸಿದರ ಕಚ್ಚರಿ. ನಿಮ್ಮ ಬೆರಳಿಗೆ ಒಂದ ಗುರುತೈತಿ, ನನ್ನ ಬೆರಳಿಗೂ ಒಂದ ಇರಲಿ."

ಡಾಕ್ಟರು ಈ ಕಡೆ ತಿರುಗಿದರು. ಸೊಟ್ಟಗಾದ ಬಾಯಿ ಅದುರಿತು, ಗಂಟಲಲ್ಲಿ ಏನೋ ಸದ್ದಾಯಿತು, ನಕ್ಕರೋ ಅತ್ತರೋ ನಾನು ಹೇಳಲಾರೆ. ಬಾಯಿ ತೆರೆದರು. ಅವ್ವ ಕಣ್ಣು ಮುಚ್ಚಿಕೊಂಡು, ಬೆರಳಿನಲ್ಲೇ ತಡವುತ್ತ, ಬೈತಲೆ ತೆಗೆಯುವ ಹಾಗೆ ನಿಧಾನವಾಗಿ ಒಂದೊಂದೇ ಹಲ್ಲನ್ನು ಒರೆಸಿದಳು. ಅವರು ಕಚ್ಚಲಿಲ್ಲ. ಮುಂದೆ ಅವರ ಹೆಂಡತಿಗೂ ಬಾಯಿ ಕೊಟ್ಟರಂತೆ, ರೇಡಿಯೋ ಆರಿದ ಮೇಲೆ.

ಆದರೆ ಎರಡನೆಯ ಹೊಡೆತ ಬೇಗ ಬಂತು. ಡಾಕ್ಟರ ಮಣ್ಣಿಗೆ ಹೋಗಿ ಬಂದು ನಾವಿಬ್ಬರೂ ಸ್ನಾನ ಮಾಡಿ ಪಡಸಾಲೆಯಲ್ಲಿ ಕೂತಿದ್ದೆವು. ಅವ್ವ ಎದ್ದಳು. ಗೋಡೆಯ ಮೇಲಿನ ಕನ್ನಡಿಯನ್ನು ಇಳಿಸಿ, ಸೆರಗಿನಿಂದ ಧೂಳು ಒರೆಸಿ, ಬಾಗಿಲ ಬೆಳಕಿಗೆ ಹೋಗಿ ನಿಂತಳು. ಅಪ್ಪ ಹೋದ ಮೇಲೆ ಮೊದಲ ಸಲ ತನ್ನ ಮುಖ ನೋಡಿಕೊಂಡಳು. ಬೋಳು ಹಣೆ, ನರೆತ ಕೂದಲು, ಎಲ್ಲವನ್ನೂ ದಾಟಿ ಕಣ್ಣು ಕೆಳಗಿಳಿಯಿತು. ಬೆರಳಿನಿಂದ ಕೆಳತುಟಿ ಎಳೆದು ಬಹಳ ಹೊತ್ತು ನೋಡಿದಳು.

"ನೋಡ್ರಿ ಅಂದಿದ್ದರು ಅವತ್ತ. ನಾ ನೋಡಲಿಲ್ಲ," ಎಂದಳು. ಆಮೇಲೆ, ನನಗಲ್ಲ, ಕನ್ನಡಿಗೆ ಹೇಳಿದಳು: "ಅದಾವ್ರಿ. ಆರೂ ಅದಾವ."

ಕನ್ನಡಿಯನ್ನು ತಂದು ಮೊದಲಿನ ಹಾಗೆಯೇ ಗೋಡೆಗೆ ಮುಖ ಮಾಡಿ ತೂಗುಹಾಕಿದಳು. ನಾನು ಈ ಸಲ ಜಗಳವಾಡಲಿಲ್ಲ. ಅವಳು ಒಲೆ ಹಚ್ಚಲು ಹೋದಳು, ನಾನು ರೊಟ್ಟಿಗೆ ಹಿಟ್ಟು ತೆಗೆದುಕೊಟ್ಟೆ.